ಫೆಲೋಶಿಪ್ ಸಮೇತ ಪಿಎಚ್‌ಡಿ: ಬೆಂಗಳೂರಿನಿಂದ ಅರ್ಜಿ ಹಾಕುವವರಿಗೆ ಸಮಗ್ರ ಮಾರ್ಗದರ್ಶಿ

ಎಂಎ, ಎಂಎಸ್ಸಿ, ಎಂಟೆಕ್ ಮುಗಿಸಿದವರು ಸಾಮಾನ್ಯವಾಗಿ ಕೇಳುವುದು, 'ಪಿಎಚ್‌ಡಿ ಸೀಟು ಎಲ್ಲಿ ಸಿಗುತ್ತದೆ?' ಎಂದು. ನನ್ನನ್ನು ಕೇಳಿದರೆ ಅದು ಎರಡನೇ ಪ್ರಶ್ನೆ. ಸೇರಿದ ಮೇಲೆ ತಿಂಗಳು ತಿಂಗಳು ದುಡ್ಡು ಯಾರು ಕೊಡುತ್ತಾರೆ, ಎಷ್ಟು ವರ್ಷ ಕೊಡುತ್ತಾರೆ ಎಂಬುದು ಮೊದಲನೆಯದು. ಪಿಎಚ್‌ಡಿ ಎಂದರೆ ಕಮ್ಮಿ ಎಂದರೂ ಮೂರು ವರ್ಷ, ಸಾಮಾನ್ಯವಾಗಿ ಐದು. ಬೆಂಗಳೂರಿನ ಬಾಡಿಗೆಯಲ್ಲಿ ಅಷ್ಟು ವರ್ಷ ಮನೆಯವರ ದುಡ್ಡಿನ ಮೇಲೆ ಓದಬಲ್ಲವರು ಕಮ್ಮಿ.

ಪಿಎಚ್‌ಡಿಗೆ ಮೂರು ಬೇಕು. ಸೀಟು, ಗೈಡ್, ದುಡ್ಡು. ಕೆಲವು ಸಂಸ್ಥೆಗಳಲ್ಲಿ ಮೂರೂ ಒಟ್ಟಿಗೆ ಸಿಗುತ್ತವೆ. ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಮೂರನ್ನೂ ಬೇರೆ ಬೇರೆ ಬಾಗಿಲು ತಟ್ಟಿ ತರಬೇಕು. ಸೀಟು ಸಿಕ್ಕಿತು ಎಂದು ಖುಷಿಪಟ್ಟು ಸೇರಿ, ಆರು ತಿಂಗಳಾದ ಮೇಲೆ ಅತಿಥಿ ಉಪನ್ಯಾಸಕರ ಕೆಲಸಕ್ಕೂ ಓಡಾಡುತ್ತಾ, ಪ್ರಬಂಧಕ್ಕೆ ಸಮಯವೇ ಸಿಗದೆ ಒದ್ದಾಡುವವರು ಪ್ರತಿ ವಿಭಾಗದಲ್ಲೂ ಇರುತ್ತಾರೆ. ಹಾಗಾಗಿ ಈ ಮಾರ್ಗದರ್ಶಿ ದುಡ್ಡಿನಿಂದಲೇ ಶುರು.

ಹೆಜ್ಜೆ 1: ದುಡ್ಡು ಬರುವ ದಾರಿಗಳನ್ನು ಗುರುತಿಸಿ

ಮೊದಲ ದಾರಿ, ನಿಮ್ಮ ಹೆಸರಿಗೇ ಬರುವ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್). ರಾಷ್ಟ್ರ ಮಟ್ಟದ ನೆಟ್ ಅರ್ಹತಾ ಪರೀಕ್ಷೆಯಲ್ಲಿ ಜೆಆರ್‌ಎಫ್ ಪಡೆದರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ. ಎಸ್‌ಆರ್‌ಎಫ್ (ಹಿರಿಯ ಸಂಶೋಧನಾ ಫೆಲೋಶಿಪ್) ಆದ ಮೇಲೆ 42,000 ರೂಪಾಯಿ. ಈ ದರ 2023ರ ಜನವರಿ 1ರಿಂದ ಅನ್ವಯ. ಹಾಸ್ಟೆಲ್ ಇಲ್ಲದವರಿಗೆ ಇದರ ಮೇಲೆ ಎಚ್‌ಆರ್‌ಎ, ಅಂದರೆ ಮನೆ ಬಾಡಿಗೆ ಭತ್ಯೆ ಇದೆ. ಬೆಂಗಳೂರು ಕೇಂದ್ರ ಸರ್ಕಾರದ ಲೆಕ್ಕದಲ್ಲಿ ಎಕ್ಸ್ ದರ್ಜೆಯ ನಗರ, ಹಾಗಾಗಿ ಅದು ಇಲ್ಲಿ ಜಾಸ್ತಿ. ಪುಸ್ತಕ, ಪ್ರಯಾಣ, ಟೈಪಿಂಗ್ ಮುಂತಾದ ಖರ್ಚಿಗೆ ಕಂಟಿಂಜೆನ್ಸಿಯೂ ಬೇರೆ ಬರುತ್ತದೆ. ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಕೊಡುವ ಜೆಆರ್‌ಎಫ್‌ನಲ್ಲಿ ಮಾನವಿಕ ಮತ್ತು ಸಮಾಜ ವಿಜ್ಞಾನದವರಿಗೆ ಮೊದಲ ಎರಡು ವರ್ಷ ವರ್ಷಕ್ಕೆ 10,000, ಆಮೇಲೆ 20,500. ವಿಜ್ಞಾನದವರಿಗೆ 12,000, ಆಮೇಲೆ 25,000. ಈ ದಾರಿಯ ದೊಡ್ಡ ಅನುಕೂಲ ಏನೆಂದರೆ ದುಡ್ಡು ನಿಮ್ಮ ಬೆನ್ನಿಗೆ ಬರುತ್ತದೆ. ಜೆಆರ್‌ಎಫ್ ಇರುವ ವಿದ್ಯಾರ್ಥಿಯನ್ನು ಬೇಡ ಎನ್ನುವ ಗೈಡ್ ಅಪರೂಪ.

ಎರಡನೆಯದು, ಸಂಸ್ಥೆಯೇ ಕೊಡುವ ಫೆಲೋಶಿಪ್. ಐಐಎಸ್‌ಸಿ, ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವಿಜ್ಞಾನ ಸಂಶೋಧನಾ ಕೇಂದ್ರ, ಜಿಕೆವಿಕೆ ಆವರಣದ ಎನ್‌ಸಿಬಿಎಸ್ (ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ) ಇಂಥ ಕಡೆ ಆಯ್ಕೆಯಾದರೆ ಸೀಟಿನ ಜೊತೆ ಸ್ಟೈಪೆಂಡ್ ಕೂಡ ಬರುತ್ತದೆ. ಇದೇ ಸಾಲಿನಲ್ಲಿ ಪ್ರಧಾನ ಮಂತ್ರಿ ಸಂಶೋಧನಾ ಫೆಲೋಶಿಪ್ ಇದೆ. 2018ರಲ್ಲಿ ಶುರುವಾದಾಗ ಮೊದಲ ಎರಡು ವರ್ಷ 70,000, ಮೂರನೇ ವರ್ಷ 75,000, ಆಮೇಲೆ 80,000 ರೂಪಾಯಿ ಎಂದು ನಿಗದಿಯಾಗಿತ್ತು. 2025ರ ಕೇಂದ್ರ ಬಜೆಟ್‌ನಲ್ಲಿ ಐಐಟಿ ಮತ್ತು ಐಐಎಸ್‌ಸಿಗಳಿಗೆ ಐದು ವರ್ಷದಲ್ಲಿ ಇಂಥ 10,000 ಫೆಲೋಶಿಪ್ ಎಂದು ಘೋಷಿಸಿದರು. ಪೈಪೋಟಿ ಅಷ್ಟೇ ಬಿಗಿ.

ಮೂರನೆಯದು ಪ್ರಾಜೆಕ್ಟ್. ಒಬ್ಬ ಪ್ರೊಫೆಸರ್‌ಗೆ ಸಂಶೋಧನೆಗೆ ದುಡ್ಡು ಕೊಡುವ ಕೇಂದ್ರದ ಸಂಸ್ಥೆಗಳಾದ ಡಿಎಸ್‌ಟಿ, ಡಿಬಿಟಿ ಅಥವಾ ಎಎನ್‌ಆರ್‌ಎಫ್‌ನಿಂದ ಅನುದಾನ ಬಂದಿರುತ್ತದೆ. ಅದರಲ್ಲಿ ಒಂದು ಜೆಆರ್‌ಎಫ್ ಹುದ್ದೆ ಇರುತ್ತದೆ. ವಿಭಾಗದ ನೋಟಿಸ್ ಬೋರ್ಡಿನಲ್ಲಿ ವಾಕ್-ಇನ್ ಸಂದರ್ಶನ ಎಂದು ಕಾಣುವುದು ಇದೇ. ಇಲ್ಲಿ ಬಹಳ ಜನ ಎಡವುತ್ತಾರೆ. ಪ್ರಾಜೆಕ್ಟ್ ಹುದ್ದೆ ಸಿಕ್ಕಿತು ಎಂದರೆ ಪಿಎಚ್‌ಡಿ ರಿಜಿಸ್ಟ್ರೇಷನ್ ಆಯಿತು ಎಂದಲ್ಲ. ಹುದ್ದೆ ಬೇರೆ, ಪ್ರವೇಶ ಬೇರೆ. ಪ್ರಾಜೆಕ್ಟಿನ ಅವಧಿ ಹೆಚ್ಚಾಗಿ ಮೂರು ವರ್ಷ. ನೀವು ಸೇರುವಾಗ ಅದರಲ್ಲಿ ಒಂದು ವರ್ಷ ಆಗಲೇ ಕಳೆದಿರಬಹುದು. ಸಂದರ್ಶನದಲ್ಲೇ ಎರಡು ಮಾತು ಕೇಳಿ. ಇದರ ಮೇಲೆ ಪಿಎಚ್‌ಡಿಗೆ ನೋಂದಾಯಿಸಬಹುದೇ? ಪ್ರಾಜೆಕ್ಟ್ ಯಾವ ತಿಂಗಳಿಗೆ ಮುಗಿಯುತ್ತದೆ? ಇದನ್ನು ಕೇಳಿದರೆ ತಪ್ಪು ತಿಳಿಯುತ್ತಾರೆ ಎಂಬ ಹೆದರಿಕೆ ಬೇಡ. ಸರಿಯಾದ ಗೈಡ್ ಆಗಿದ್ದರೆ ತಾವೇ ಹೇಳುತ್ತಾರೆ.

ನಾಲ್ಕನೆಯದು, ಸಮುದಾಯ ಮತ್ತು ವಿಷಯ ನೋಡಿ ಕೊಡುವ ಫೆಲೋಶಿಪ್‌ಗಳು. ಪರಿಶಿಷ್ಟ ಜಾತಿಯವರಿಗೆ ಎನ್‌ಎಫ್‌ಎಸ್‌ಸಿ, ಪರಿಶಿಷ್ಟ ಪಂಗಡದವರಿಗೆ ಎನ್‌ಎಫ್‌ಎಸ್‌ಟಿ, ಹಿಂದುಳಿದ ವರ್ಗದವರಿಗೆ ಎನ್‌ಎಫ್‌ಒಬಿಸಿ. ಇವುಗಳಲ್ಲಿ ಎನ್‌ಎಫ್‌ಎಸ್‌ಟಿಗೆ ಬುಡಕಟ್ಟು ಸಚಿವಾಲಯದ ಪೋರ್ಟಲ್‌ನಲ್ಲಿ ಬೇರೆಯದೇ ಅರ್ಜಿ ಹಾಕಬೇಕು. ಮನೆಗೆ ಒಬ್ಬಳೇ ಮಗಳಾದವರಿಗೆ ಯುಜಿಸಿಯ ಸಾವಿತ್ರಿಬಾಯಿ ಜ್ಯೋತಿರಾವ್ ಫುಲೆ ಫೆಲೋಶಿಪ್ ಇದೆ. ಸಮಾಜ ವಿಜ್ಞಾನದವರು ಐಸಿಎಸ್‌ಎಸ್‌ಆರ್, ಇತಿಹಾಸದವರು ಐಸಿಎಚ್‌ಆರ್ ಎಂಬ ರಾಷ್ಟ್ರೀಯ ಸಂಶೋಧನಾ ಪರಿಷತ್ತುಗಳ ಪ್ರಕಟಣೆಗಳನ್ನು ನೋಡುತ್ತಿರಬೇಕು. ಕರ್ನಾಟಕದ ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆ ಮತ್ತು ಅಲ್ಪಸಂಖ್ಯಾತರ ನಿರ್ದೇಶನಾಲಯ ಕೂಡ ಪೂರ್ಣಾವಧಿ ಸಂಶೋಧಕರಿಂದ ಅರ್ಜಿ ಕರೆಯುತ್ತವೆ. ಹಳೆಯ ಪಟ್ಟಿಗಳನ್ನು ನಂಬಿ ಕೂರಬೇಡಿ. ಮೌಲಾನಾ ಆಜಾದ್ ಫೆಲೋಶಿಪ್ ಈಗಲೂ ಎಷ್ಟೋ ಪಟ್ಟಿಗಳಲ್ಲಿದೆ, ಆದರೆ 2022ರಲ್ಲೇ ಕೇಂದ್ರ ಸರ್ಕಾರ ಅದನ್ನು ನಿಲ್ಲಿಸಿತು.

ಒಂದು ಎಚ್ಚರಿಕೆ. ಏಕಕಾಲಕ್ಕೆ ಎರಡು ಫೆಲೋಶಿಪ್ ಪಡೆಯುವಂತಿಲ್ಲ. ಜೆಆರ್‌ಎಫ್ ತೆಗೆದುಕೊಳ್ಳುತ್ತಾ ಬೇರೆ ಕಡೆ ಸಂಬಳದ ಕೆಲಸ ಮಾಡುವಂತೆಯೂ ಇಲ್ಲ. ಅರೆಕಾಲಿಕ ಪಿಎಚ್‌ಡಿಗೆ ಅವಕಾಶ ಇದೆ, ಕೆಲಸ ಕೊಟ್ಟವರಿಂದ ಎನ್‌ಒಸಿ (ಆಕ್ಷೇಪಣೆ ಇಲ್ಲ ಎಂಬ ಪತ್ರ) ತರಬೇಕು. ಆದರೆ ಜೆಆರ್‌ಎಫ್ ಪೂರ್ಣಾವಧಿಯವರಿಗೆ ಮಾತ್ರ.

ಹೆಜ್ಜೆ 2: ಯಾವ ಪರೀಕ್ಷೆ ಬರೆಯಬೇಕು

ನೆಟ್ ವರ್ಷಕ್ಕೆ ಎರಡು ಸಲ, ಜೂನ್ ಮತ್ತು ಡಿಸೆಂಬರ್ ಹೆಸರಿನಲ್ಲಿ ನಡೆಯುತ್ತದೆ. ಯುಜಿಸಿ ನೆಟ್‌ನಲ್ಲಿ ಮೂರು ಗಂಟೆಗೆ ಎರಡು ಪೇಪರ್. ಮೊದಲನೆಯದು ಎಲ್ಲರಿಗೂ ಒಂದೇ, 50 ಪ್ರಶ್ನೆ, 100 ಅಂಕ. ಎರಡನೆಯದು ನಿಮ್ಮ ವಿಷಯ, 100 ಪ್ರಶ್ನೆ, 200 ಅಂಕ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಒಂದನ್ನೂ ಬಿಡಬೇಡಿ. ಭೌತ, ರಸಾಯನ, ಜೀವ ವಿಜ್ಞಾನ, ಗಣಿತದವರದು ಸಿಎಸ್‌ಐಆರ್ ನೆಟ್. ಅದರಲ್ಲಿ ತಪ್ಪಿಗೆ ಅಂಕ ಹೋಗುತ್ತದೆ. ಕನ್ನಡ ಎಂಎ ಮಾಡಿದವರು ಕನ್ನಡದಲ್ಲೇ ವಿಷಯದ ಪೇಪರ್ ಬರೆಯುತ್ತಾರೆ. ಇತಿಹಾಸ, ಸಮಾಜಶಾಸ್ತ್ರದವರಿಗೆ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇದು ನಿಜಕ್ಕೂ ಕಷ್ಟವೇ. ಹಳೆಯ ಪ್ರಶ್ನೆಪತ್ರಿಕೆಗಳಿಂದ ಪಾರಿಭಾಷಿಕ ಪದಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಹೋದರೆ ಅರ್ಧ ಭಯ ಇಳಿಯುತ್ತದೆ.

2024ರ ಜೂನ್ ನೆಟ್‌ನಿಂದ ಫಲಿತಾಂಶ ಮೂರು ಬಗೆಯಲ್ಲಿ ಬರುತ್ತಿದೆ. ಮೇಲಿನದು ಜೆಆರ್‌ಎಫ್, ಅದರಲ್ಲಿ ಸಹಾಯಕ ಪ್ರಾಧ್ಯಾಪಕ ಅರ್ಹತೆಯೂ ಸೇರಿದೆ. ಎರಡನೆಯದು ಸಹಾಯಕ ಪ್ರಾಧ್ಯಾಪಕ ಅರ್ಹತೆ ಮತ್ತು ಪಿಎಚ್‌ಡಿ ಪ್ರವೇಶ. ಮೂರನೆಯದು ಪಿಎಚ್‌ಡಿ ಪ್ರವೇಶ ಮಾತ್ರ. ಎರಡು ಮತ್ತು ಮೂರನೇ ಬಗೆಯವರಿಗೆ ಪ್ರವೇಶದಲ್ಲಿ ನೆಟ್ ಅಂಕಕ್ಕೆ 70 ಶೇಕಡಾ, ಸಂದರ್ಶನಕ್ಕೆ 30 ಶೇಕಡಾ ತೂಕ. ಆ ಅಂಕ ಒಂದು ವರ್ಷ ಮಾತ್ರ ನಡೆಯುತ್ತದೆ. ಇವರಿಗೆ ಸೀಟಿನ ಬಾಗಿಲು ತೆರೆಯುತ್ತದೆ, ದುಡ್ಡಿನ ಬಾಗಿಲು ತೆರೆಯುವುದಿಲ್ಲ. ಯುಜಿಸಿ ಜೆಆರ್‌ಎಫ್‌ಗೆ ಸಾಮಾನ್ಯ ವರ್ಗದವರಿಗೆ ವಯಸ್ಸಿನ ಮಿತಿ 30. ಮಹಿಳೆಯರು, ಪರಿಶಿಷ್ಟರು, ಕೆನೆಪದರದಲ್ಲಿ ಇಲ್ಲದ ಹಿಂದುಳಿದ ವರ್ಗದವರು ಮತ್ತು ಅಂಗವಿಕಲರಿಗೆ ಐದು ವರ್ಷದ ಸಡಿಲಿಕೆ ಇದೆ.

ರಾಜ್ಯದ ಕೆ-ಸೆಟ್ ಪರೀಕ್ಷೆ ಪಾಸಾದರೆ ಫೆಲೋಶಿಪ್ ಬರುತ್ತದೆಯೇ ಎಂದು ಕೇಳುವವರಿದ್ದಾರೆ. ಬರುವುದಿಲ್ಲ. ಅದು ರಾಜ್ಯದಲ್ಲಿ ಸಹಾಯಕ ಪ್ರಾಧ್ಯಾಪಕರಾಗಲು ಬೇಕಾದ ಅರ್ಹತೆ, ಅಷ್ಟೇ.

ಎಂಜಿನಿಯರಿಂಗ್‌ನವರಿಗೆ ಗೇಟ್ ಮುಖ್ಯ. ಪರೀಕ್ಷೆ ಫೆಬ್ರವರಿಯಲ್ಲಿ, ಅಂಕ ಮೂರು ವರ್ಷ ನಡೆಯುತ್ತದೆ. ಭೌತಶಾಸ್ತ್ರದವರು ಜೆಸ್ಟ್ ಎಂಬ ಪ್ರವೇಶ ಪರೀಕ್ಷೆಯನ್ನೂ ಬರೆಯಬೇಕು. ಸದಾಶಿವನಗರದ ರಾಮನ್ ಸಂಶೋಧನಾ ಸಂಸ್ಥೆ, ಕೋರಮಂಗಲದ ಭಾರತೀಯ ಖಭೌತ ಸಂಸ್ಥೆಯಂಥ ಕಡೆ ಪ್ರವೇಶಕ್ಕೆ ಅದರ ಅಂಕ ಒಪ್ಪುತ್ತಾರೆ.

ಕನಿಷ್ಠ ಅರ್ಹತೆ ಇಷ್ಟು: ಸ್ನಾತಕೋತ್ತರದಲ್ಲಿ 55 ಶೇಕಡಾ, ಅಥವಾ ನಾಲ್ಕು ವರ್ಷದ ಪದವಿಯಲ್ಲಿ 75 ಶೇಕಡಾ. ಮೀಸಲಾತಿ ಇರುವವರಿಗೆ 5 ಶೇಕಡಾ ಸಡಿಲಿಕೆ.

ಹೆಜ್ಜೆ 3: ಎಲ್ಲೆಲ್ಲಿ ಹಾಕಬೇಕೆಂಬ ಪಟ್ಟಿ

ಬೆಂಗಳೂರಿನಲ್ಲಿ ಇರುವವರಿಗೆ ಒಂದು ಅದೃಷ್ಟ ಇದೆ. ಬಸ್ಸಿನಲ್ಲಿ ಹೋಗಿ ನೋಡಿಬರಬಹುದಾದ ದೂರದಲ್ಲಿ ದೇಶದ ಒಳ್ಳೆಯ ಸಂಶೋಧನಾ ಸಂಸ್ಥೆಗಳಿವೆ. ವಿಜ್ಞಾನದವರಿಗೆ ಮೇಲೆ ಹೇಳಿದ ಸಂಸ್ಥೆಗಳ ಜೊತೆ ಹೆಸರಘಟ್ಟದ ಕಡೆಯ ಐಸಿಟಿಎಸ್ (ಸೈದ್ಧಾಂತಿಕ ವಿಜ್ಞಾನಗಳ ಕೇಂದ್ರ), ಮೈಸೂರು ರಸ್ತೆಯ ಭಾರತೀಯ ಸಾಂಖ್ಯಿಕ ಸಂಸ್ಥೆ. ಮನಸ್ಸು, ಮೆದುಳಿನ ಅಧ್ಯಯನಕ್ಕೆ ನಿಮ್ಹಾನ್ಸ್. ಅರ್ಥಶಾಸ್ತ್ರ, ಗ್ರಾಮೀಣಾಭಿವೃದ್ಧಿ, ಸಮಾಜಶಾಸ್ತ್ರಕ್ಕೆ ನಾಗರಭಾವಿಯ ಐಸೆಕ್ (ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ). ವಿ.ಕೆ.ಆರ್.ವಿ. ರಾವ್ 1972ರಲ್ಲಿ ಕಟ್ಟಿದ ಸಂಸ್ಥೆ ಅದು. ಅದರ ಪಕ್ಕದಲ್ಲೇ ಕಾನೂನಿಗೆ ರಾಷ್ಟ್ರೀಯ ಕಾನೂನು ಶಾಲೆ. ಮ್ಯಾನೇಜ್‌ಮೆಂಟ್‌ಗೆ ಬನ್ನೇರುಘಟ್ಟ ರಸ್ತೆಯ ಐಐಎಂಬಿ. ಪರಿಸರಕ್ಕೆ ಏಟ್ರೀ ಸಂಶೋಧನಾ ಸಂಸ್ಥೆ. ಎಂಜಿನಿಯರಿಂಗ್‌ಗೆ ವಿಟಿಯು ಸಂಶೋಧನಾ ಕೇಂದ್ರಗಳು ಮತ್ತು ಎಲೆಕ್ಟ್ರಾನಿಕ್ ಸಿಟಿಯ ಐಐಐಟಿ-ಬಿ. ಕನ್ನಡ, ಇತಿಹಾಸ ಮುಂತಾದವಕ್ಕೆ ಜ್ಞಾನಭಾರತಿಯ ಬೆಂಗಳೂರು ವಿಶ್ವವಿದ್ಯಾಲಯ, ಸೆಂಟ್ರಲ್ ಕಾಲೇಜು ಆವರಣದ ನಗರ ವಿಶ್ವವಿದ್ಯಾಲಯ.

ಐಐಎಸ್‌ಸಿಯಂಥ ಕಡೆ ಮುಖ್ಯ ಪ್ರವೇಶದ ಅರ್ಜಿ ವರ್ಷದ ಮೊದಲ ತಿಂಗಳುಗಳಲ್ಲೇ ತೆರೆದು ಮುಚ್ಚುತ್ತದೆ, ತರಗತಿ ಆಗಸ್ಟ್‌ನಲ್ಲಿ ಶುರು. ರಾಜ್ಯದ ವಿಶ್ವವಿದ್ಯಾಲಯಗಳ ಪ್ರಕಟಣೆಗೆ ಇಂಥ ಲೆಕ್ಕವಿಲ್ಲ. ಬರಬೇಕಾದಾಗ ಬರುವುದಿಲ್ಲ, ಬಂದಾಗ ಹತ್ತು ಹದಿನೈದು ದಿನದ ಗಡುವು ಇರುತ್ತದೆ. ಆದ್ದರಿಂದ ಕಾಗದಪತ್ರ ಮೊದಲೇ ಸಿದ್ಧ ಇರಬೇಕು.

ಪ್ರಕಟಣೆಯಲ್ಲಿ ವಿಷಯವಾರು, ಕೆಲವೊಮ್ಮೆ ಗೈಡ್‌ವಾರು ಖಾಲಿ ಜಾಗ ಕೊಟ್ಟಿರುತ್ತಾರೆ. ನಿಯಮದ ಪ್ರಕಾರ ಪ್ರೊಫೆಸರ್ ಒಬ್ಬರು ಏಕಕಾಲಕ್ಕೆ 8, ಸಹ ಪ್ರಾಧ್ಯಾಪಕರು 6, ಸಹಾಯಕ ಪ್ರಾಧ್ಯಾಪಕರು 4 ಪಿಎಚ್‌ಡಿ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳಬಹುದು. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಮ್ಮಿ ಇದ್ದರೆ ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ನಿಮಗೆ ಇಷ್ಟವಾದ ಪ್ರೊಫೆಸರ್ ಎಷ್ಟೇ ದೊಡ್ಡವರಾದರೂ ಈ ಎರಡು ಲೆಕ್ಕ ಮೊದಲು ನೋಡಿ.

ಹೆಜ್ಜೆ 4: ಗೈಡ್‌ಗೆ ಬರೆಯುವ ಪತ್ರ

ಪ್ರೊಫೆಸರ್‌ಗಳಿಗೆ ದಿನಾ ಬರುವ ಇಮೇಲ್‌ಗಳಲ್ಲಿ ಹೆಚ್ಚಿನವು ಒಂದೇ ತರಹ. 'ನಿಮ್ಮ ಮಾರ್ಗದರ್ಶನದಲ್ಲಿ ಸಂಶೋಧನೆ ಮಾಡುವ ಮಹದಾಸೆ ಇದೆ, ದಯವಿಟ್ಟು ಅವಕಾಶ ಕೊಡಿ.' ಇದಕ್ಕೆ ಉತ್ತರ ಬರದಿದ್ದರೆ ಆಶ್ಚರ್ಯವಿಲ್ಲ. ಅದೇ ಪತ್ರವನ್ನು ಯಾರಿಗೆ ಬೇಕಾದರೂ ಕಳಿಸಬಹುದಲ್ವಾ? ಅವರಿಗೂ ಅದು ಗೊತ್ತು.

ಬರೆಯುವ ಮುಂಚೆ ಅವರ ಇತ್ತೀಚಿನ ಎರಡು ಮೂರು ಪ್ರಬಂಧ ಓದಿ. ಪೂರ್ತಿ ಅರ್ಥವಾಗದಿದ್ದರೂ ಪರವಾಗಿಲ್ಲ. ಅವರು ಯಾವ ಪ್ರಶ್ನೆ ಹಿಂದೆ ಬಿದ್ದಿದ್ದಾರೆ, ಯಾವ ವಿಧಾನ ಬಳಸುತ್ತಾರೆ ಎನ್ನುವುದು ತಿಳಿದರೆ ಸಾಕು. ಆಮೇಲೆ ಹೀಗೆ ಬರೆಯಬಹುದು:

'ಮಾನ್ಯರೇ, ನಮಸ್ಕಾರ. ನಾನು ಪರಿಸರ ವಿಜ್ಞಾನದಲ್ಲಿ ಎಂಎಸ್ಸಿ ಮುಗಿಸಿದ್ದೇನೆ. ಡಿಸರ್ಟೇಷನ್‌ಗೆ ಕೋಲಾರ ತಾಲೂಕಿನ ಮೂರು ಊರುಗಳ ಕೊಳವೆಬಾವಿ ನೀರಿನಲ್ಲಿ ನೈಟ್ರೇಟ್ ಅಳೆದಿದ್ದೆ. ಮಳೆಗಾಲದ ಮುಂಚಿನ ಮತ್ತು ನಂತರದ ಮಾದರಿಗಳಲ್ಲಿ ವ್ಯತ್ಯಾಸ ಕಂಡಿತು. ಅದು ಎಲ್ಲಿಂದ ಬಂತು ಎಂದು ಹೇಳಲು ನನ್ನ ವಿಧಾನ ಸಾಲಲಿಲ್ಲ. ನಿಮ್ಮ ಇತ್ತೀಚಿನ ಪ್ರಬಂಧದ ಐಸೋಟೋಪ್ ವಿಧಾನ ಈ ಪ್ರಶ್ನೆಗೆ ಹೊಂದಬಹುದು ಅನ್ನಿಸಿತು. ನನಗೆ ಯುಜಿಸಿ ಜೆಆರ್‌ಎಫ್ ಇದೆ. ಈ ವರ್ಷ ನಿಮ್ಮಲ್ಲಿ ಜಾಗ ಇದ್ದರೆ ಹತ್ತು ನಿಮಿಷ ಭೇಟಿಯಾಗಲು ಬರಬಹುದೇ? ಒಂದು ಪುಟದ ಟಿಪ್ಪಣಿ ಮತ್ತು ಸಿವಿ ಲಗತ್ತಿಸಿದ್ದೇನೆ.'

ಇಷ್ಟೇ. ಇಂಗ್ಲಿಷಿನಲ್ಲಿ ಬರೆದರೂ ಹುರುಳು ಇದೇ ಇರಲಿ. ಏನು ಮಾಡಿದ್ದೀರಿ, ಎಲ್ಲಿ ನಿಂತಿತು, ಅವರೇ ಯಾಕೆ, ದುಡ್ಡು ಇದೆಯೋ ಇಲ್ಲವೋ. ಜೆಆರ್‌ಎಫ್ ಇಲ್ಲದಿದ್ದರೆ ಅದನ್ನೂ ಮುಚ್ಚಿಡದೆ ಬರೆಯಿರಿ, 'ನಿಮ್ಮಲ್ಲಿ ಪ್ರಾಜೆಕ್ಟ್ ಹುದ್ದೆ ಇದೆಯೇ?' ಎಂದು ಕೇಳಿ. ಎರಡು ವಾರ ಉತ್ತರ ಬರದಿದ್ದರೆ ಒಂದೇ ಒಂದು ಸಲ ನೆನಪಿಸಿ. ಆಮೇಲೆ ಬಿಡಿ. ಕನ್ನಡ ಅಥವಾ ಇತಿಹಾಸ ವಿಭಾಗಗಳಲ್ಲಿ ಇಮೇಲ್‌ಗಿಂತ ಖುದ್ದಾಗಿ ಹೋಗಿ, 'ಸರ್, ಐದು ನಿಮಿಷ ಇದೆಯಾ?' ಎಂದು ಕೇಳುವುದೇ ಹೆಚ್ಚು ಫಲ ಕೊಡುತ್ತದೆ.

ಅವರನ್ನು ನೋಡಲು ಹೋದಾಗ ಅವರ ಈಗಿನ ವಿದ್ಯಾರ್ಥಿಗಳನ್ನೂ ಕ್ಯಾಂಟೀನಿಗೆ ಕರೆದು ಮಾತಾಡಿ. ಅಕ್ಕ, ಅಣ್ಣ ಎಂದು ಮಾತಿಗೆಳೆದರೆ ನಿಜ ಹೇಳುತ್ತಾರೆ. ಅಧ್ಯಾಯ ಕೊಟ್ಟರೆ ಎಷ್ಟು ದಿನಕ್ಕೆ ಓದಿ ವಾಪಸ್ ಕೊಡುತ್ತಾರೆ? ಈ ಹಿಂದೆ ಸೇರಿದವರು ಎಷ್ಟು ವರ್ಷಕ್ಕೆ ಮುಗಿಸಿದರು? ಬಿಟ್ಟುಹೋದವರು ಯಾಕೆ ಬಿಟ್ಟರು? ವಿಷಯ ಸ್ವಲ್ಪ ಆಚೀಚೆ ಆದರೂ ನಡೆಯುತ್ತದೆ. ಗೈಡ್ ಜೊತೆ ಹೊಂದಿಕೆ ಆಗದಿದ್ದರೆ ಐದು ವರ್ಷ ಬಹಳ ಉದ್ದ.

ಹೆಜ್ಜೆ 5: ಸಿನಾಪ್ಸಿಸ್

ಸಿನಾಪ್ಸಿಸ್ ಎಂದರೆ ನೀವು ಮಾಡಲಿರುವ ಸಂಶೋಧನೆಯ ರೂಪುರೇಷೆ. ಅರ್ಜಿಯ ಜೀವ ಇರುವುದು ಇಲ್ಲೇ. ನಮ್ಮಲ್ಲಿ ಶೀರ್ಷಿಕೆಯಿಂದಲೇ ತೊಂದರೆ ಶುರುವಾಗುತ್ತದೆ. 'ಬೆಂಗಳೂರಿನ ತ್ಯಾಜ್ಯ ನೀರಿನ ಪರಿಣಾಮಗಳು: ಒಂದು ಅಧ್ಯಯನ.' 'ಕನ್ನಡ ಕಾದಂಬರಿಗಳಲ್ಲಿ ಸ್ತ್ರೀ ಸಂವೇದನೆ: ಒಂದು ವಿಶ್ಲೇಷಣೆ.' ಇವುಗಳಲ್ಲಿ ವಿಷಯ ಇದೆ, ಪ್ರಶ್ನೆ ಇಲ್ಲ. ಪ್ರಶ್ನೆ ಇಲ್ಲದ ಸಿನಾಪ್ಸಿಸ್ ಎಷ್ಟು ಪುಟ ಇದ್ದರೂ ಸಮಿತಿಗೆ ಹಿಡಿತ ಸಿಗುವುದಿಲ್ಲ.

ಮೊದಲನೆಯದನ್ನು ಬಿಡಿಸಿ ನೋಡೋಣ. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಎರಡು ಹಂತದಲ್ಲಿ ಶುದ್ಧೀಕರಿಸಿ 2018ರಿಂದ ಕೋಲಾರದ ಕೆರೆಗಳಿಗೆ ಹರಿಸುತ್ತಿದ್ದಾರೆ. ಅದೇ ಕೆ.ಸಿ. ವ್ಯಾಲಿ ಯೋಜನೆ. ಮೂರನೇ ಹಂತದ ಶುದ್ಧೀಕರಣ ಬೇಕು ಎಂದು ಅಲ್ಲಿನವರು ಹೋರಾಡುತ್ತಾ ಬಂದಿದ್ದಾರೆ. ಬತ್ತಿದ ಕೊಳವೆಬಾವಿಗಳಲ್ಲಿ ನೀರು ಬಂತು ಎಂದು ಖುಷಿಪಟ್ಟ ರೈತರೂ ಇದ್ದಾರೆ. ಈಗ ಪ್ರಶ್ನೆ ಕೇಳಿ: ಈ ನೀರು ತುಂಬುವ ಕೆರೆಯ ಸುತ್ತಲಿನ ಕೊಳವೆಬಾವಿಗಳಲ್ಲಿ ನೈಟ್ರೇಟ್ ಹೆಚ್ಚಿದೆಯೇ? ಹೆಚ್ಚಿದ್ದರೆ ಅದು ಕೆರೆಯಿಂದ ಇಳಿದದ್ದೋ, ಹೊಲಕ್ಕೆ ಹಾಕಿದ ಯೂರಿಯಾದಿಂದ ಬಂದದ್ದೋ? ನೋಡಿ, ಪ್ರಶ್ನೆ ಇಷ್ಟು ಸಣ್ಣದಾದ ಕೂಡಲೇ ಉಳಿದದ್ದೆಲ್ಲ ತಾನಾಗಿ ಹೊರಬರುತ್ತದೆ. ಹೋಲಿಕೆಗೆ ಅದೇ ತಾಲೂಕಿನಲ್ಲಿ ಈ ನೀರು ಬಾರದ ಕೆರೆಗಳು ಬೇಕು. ಮಳೆಗಾಲಕ್ಕೆ ಮುಂಚೆ ಒಂದು ಸಲ, ಹಿಂಗಾರು ಮುಗಿದ ಮೇಲೆ ಒಂದು ಸಲ ಮಾದರಿ ತೆಗೆಯಬೇಕು. ನೈಟ್ರೇಟ್ ಎಲ್ಲಿಂದ ಬಂತೆಂದು ಗುರುತಿಸುವ ಐಸೋಟೋಪ್ ಪರೀಕ್ಷೆ ಎಲ್ಲಿ ಮಾಡಿಸುವುದು, ಖರ್ಚೆಷ್ಟು ಎಂಬ ಮಾತು ಬರುತ್ತದೆ. ಯೋಜನೆಗೆ ಮುಂಚಿನ ಅಂತರ್ಜಲದ ದಾಖಲೆ ಯಾರ ಹತ್ತಿರ ಇದೆ ಎಂದು ಹುಡುಕಬೇಕಾಗುತ್ತದೆ. ವಿಧಾನದ ಅಧ್ಯಾಯ ಅರ್ಧ ಬರೆದಂತೆಯೇ ಆಯಿತು.

ಅದೇ ನೀರನ್ನು ಸಮಾಜಶಾಸ್ತ್ರದವರು ಬೇರೆ ಕಡೆಯಿಂದ ನೋಡಬಹುದು. ನೀರು ಬಂದ ಮೇಲೆ ಯಾರು ರಾಗಿ ಬಿಟ್ಟು ಟೊಮೆಟೊಗೆ ಹೋದರು, ಕೊಳವೆಬಾವಿ ಇಲ್ಲದ ಮನೆಗಳಿಗೆ ಏನು ಸಿಕ್ಕಿತು? ಇದೂ ಪ್ರಶ್ನೆಯೇ, ಇದಕ್ಕೂ ಉತ್ತರ ಹುಡುಕುವ ದಾರಿ ಇದೆ.

ಸಾಹಿತ್ಯದವರು ಮೊದಲು ಕೇಳಿಕೊಳ್ಳಬೇಕಾದದ್ದು, ಸಾಮಗ್ರಿ ಎಲ್ಲಿದೆ ಎಂದು. 'ಸ್ತ್ರೀ ಸಂವೇದನೆ' ಎಂದು ಆಕಾಶಕ್ಕೆ ಏಣಿ ಹಾಕುವ ಬದಲು, 1950 ಮತ್ತು 60ರ ದಶಕದ ವಾರಪತ್ರಿಕೆ, ಮಾಸಪತ್ರಿಕೆಗಳಲ್ಲಿ ಧಾರಾವಾಹಿಯಾಗಿ ಬಂದ ಮಹಿಳೆಯರ ಬರಹ ಪುಸ್ತಕವಾಗುವಾಗ ಏನೇನು ಬದಲಾಯಿತು ಎಂದು ಕೇಳಬಹುದು. ಆಗ ಚಾಮರಾಜಪೇಟೆಯ ಕನ್ನಡ ಸಾಹಿತ್ಯ ಪರಿಷತ್ತು, ಕಬ್ಬನ್ ಪಾರ್ಕಿನ ಕೇಂದ್ರ ಗ್ರಂಥಾಲಯಗಳಿಗೆ ಅರ್ಜಿ ಹಾಕುವ ಮುಂಚೆಯೇ ಒಂದು ಸುತ್ತು ಹೋಗಿ, ಯಾವ ಸಂಚಿಕೆಗಳಿವೆ, ಯಾವುವು ಕಾಣೆಯಾಗಿವೆ ಎಂದು ನೋಡಿಬರಬೇಕು. ಸಂದರ್ಶನದಲ್ಲಿ 'ನಾನು ಹೋಗಿ ನೋಡಿದ್ದೇನೆ, ಇಷ್ಟು ವರ್ಷದ ಸಂಚಿಕೆಗಳಿವೆ' ಎನ್ನುವವರ ಮಾತಿಗೆ ಬರುವ ತೂಕವೇ ಬೇರೆ.

ಇದೇ ಕೆಲಸ ಆಗಲೇ ಆಗಿದೆಯೇ ಎಂದು ಶೋಧಗಂಗಾದಲ್ಲಿ ಹುಡುಕಿ. ಭಾರತದ ವಿಶ್ವವಿದ್ಯಾಲಯಗಳ ಪಿಎಚ್‌ಡಿ ಪ್ರಬಂಧಗಳನ್ನು ಇನ್‌ಫ್ಲಿಬ್‌ನೆಟ್ ಅಲ್ಲಿ ಉಚಿತವಾಗಿ ಇಟ್ಟಿದೆ. ಕನ್ನಡದವೂ ಇವೆ. ಒಂದೇ ಶೀರ್ಷಿಕೆಯನ್ನು ಕನ್ನಡದಲ್ಲಿ, ಇಂಗ್ಲಿಷಿನಲ್ಲಿ, ಗೈಡ್ ಹೆಸರಿನಲ್ಲಿ ಹೀಗೆ ಮೂರು ತರಹ ಹುಡುಕಿ. ಹತ್ತಿರದ ಪ್ರಬಂಧ ಸಿಕ್ಕರೆ ಬೇಜಾರಾಗಬೇಡಿ. ಅದರ ಕೊನೆಯ ಅಧ್ಯಾಯ ಓದಿ, 'ಅವರು ಇಲ್ಲಿಗೆ ನಿಲ್ಲಿಸಿದ್ದಾರೆ, ನಾನು ಇಲ್ಲಿಂದ ಮುಂದೆ ಹೋಗುತ್ತೇನೆ' ಎಂದು ಬರೆಯಲು ಅದೇ ಜಾಗ.

ಬರೆಯುವಾಗಿನ ಅಳತೆ ಹೀಗಿರಲಿ. ಮೊದಲ ಅರ್ಧ ಪುಟದಲ್ಲಿ ಪ್ರಶ್ನೆ ಬಂದುಬಿಡಬೇಕು. ವೇದಕಾಲದಿಂದ ಶುರುಮಾಡುವ ಪೀಠಿಕೆ ಬೇಡ. ಹಿಂದಿನ ಅಧ್ಯಯನಗಳ ಭಾಗದಲ್ಲಿ ಇಪ್ಪತ್ತು ಹೆಸರು ಪಟ್ಟಿ ಮಾಡುವುದಕ್ಕಿಂತ ಐದಾರು ಮುಖ್ಯವಾದವನ್ನು ಎದುರುಬದುರು ನಿಲ್ಲಿಸಿ. ವಿಧಾನಕ್ಕೆ ಅತಿ ಹೆಚ್ಚು ಜಾಗ ಕೊಡಿ. ಕಾಲಪಟ್ಟಿಯಲ್ಲಿ ಮೊದಲ ಆರು ತಿಂಗಳಿಗೆ ಫೀಲ್ಡ್ ವರ್ಕ್ ಹಾಕಬೇಡಿ. ಆಗ ಕೋರ್ಸ್ ವರ್ಕ್ (ತರಗತಿಯ ಪಾಠ) ಇರುತ್ತದೆ. ಅದು ಎಲ್ಲರಿಗೂ ಕಡ್ಡಾಯ, ಕನಿಷ್ಠ 12 ಕ್ರೆಡಿಟ್ ಇರುತ್ತದೆ. ಮಳೆಯ ಮೇಲೆ ನಿಂತ ಕೆಲಸವಾದರೆ ಒಂದು ಮಳೆಗಾಲ ತಪ್ಪಿದರೆ ಒಂದು ವರ್ಷವೇ ಹೋಯಿತು ಎಂದು ಲೆಕ್ಕ ಹಾಕಿ.

ಇನ್ನೊಂದು ಮಾತು. ಸಿನಾಪ್ಸಿಸ್ ಬರೆದುಕೊಡುತ್ತೇವೆ, ಪ್ರಬಂಧವನ್ನೂ ಮಾಡಿಕೊಡುತ್ತೇವೆ ಎನ್ನುವವರ ಬೋರ್ಡು, ವಾಟ್ಸಾಪ್ ಸಂದೇಶ ನಿಮ್ಮ ಕಣ್ಣಿಗೂ ಬಿದ್ದಿರುತ್ತದೆ. ದುಡ್ಡು ಕೊಟ್ಟು ಪೇಪರ್ ಹಾಕಿಸುವ ಜರ್ನಲ್‌ಗಳೂ ಹಾಗೆಯೇ. 2022ರ ಯುಜಿಸಿ ನಿಯಮದಲ್ಲಿ ಪ್ರಬಂಧ ಸಲ್ಲಿಸುವ ಮುಂಚೆ ಜರ್ನಲ್‌ನಲ್ಲಿ ಪ್ರಕಟಿಸುವುದು ಕಡ್ಡಾಯ ಅಲ್ಲ. ನಕಲಿನ ವಿಷಯದಲ್ಲಿ 2018ರ ನಿಯಮ ಇದೆ, ಹೋಲಿಕೆ 10 ಶೇಕಡಾ ದಾಟಿದರೆ ದಂಡನೆಯ ಹಂತಗಳು ಶುರುವಾಗುತ್ತವೆ. ಸಂದರ್ಶನದಲ್ಲಿ ಮೂರನೇ ಪ್ರಶ್ನೆಗೇ ಬೇರೆಯವರು ಬರೆದದ್ದು ಎಂದು ಗೊತ್ತಾಗಿಬಿಡುತ್ತದೆ, ಅದು ಬೇರೆ ಮಾತು.

ಹೆಜ್ಜೆ 6: ಕಾಗದಪತ್ರ

ಮಾರ್ಕ್ಸ್ ಕಾರ್ಡ್, ಪಿಡಿಸಿ (ತಾತ್ಕಾಲಿಕ ಪದವಿ ಪ್ರಮಾಣಪತ್ರ) ಅಥವಾ ಘಟಿಕೋತ್ಸವ ಪ್ರಮಾಣಪತ್ರ, ವಿಶ್ವವಿದ್ಯಾಲಯ ಬದಲಾದರೆ ಮೈಗ್ರೇಷನ್, ನೆಟ್ ಪ್ರಮಾಣಪತ್ರ. ಇವು ಎಲ್ಲರಿಗೂ ಗೊತ್ತು. ಕೈ ಕೊಡುವುದು ಬೇರೆ ಎರಡು.

ಒಂದು, ಜಾತಿ ಪ್ರಮಾಣಪತ್ರ. ನಾಡಕಚೇರಿಯಲ್ಲಿ ಸಿಗುವ 2ಎ, 3ಎ, 3ಬಿ ಪ್ರಮಾಣಪತ್ರ ರಾಜ್ಯದ ವಿಶ್ವವಿದ್ಯಾಲಯಕ್ಕೆ ನಡೆಯುತ್ತದೆ. ನೆಟ್, ಗೇಟ್, ಐಐಎಸ್‌ಸಿಗೆ ನಡೆಯುವುದಿಲ್ಲ. ಅವರಿಗೆ ಕೇಂದ್ರದ ನಮೂನೆಯ ಒಬಿಸಿ ಪ್ರಮಾಣಪತ್ರ ಬೇಕು, ಅದರಲ್ಲಿ ಕೆನೆಪದರಕ್ಕೆ ಸೇರಿಲ್ಲ ಎಂದು ಬರೆದಿರಬೇಕು. ರಾಜ್ಯದ ಪಟ್ಟಿ ಬೇರೆ, ಕೇಂದ್ರದ ಪಟ್ಟಿ ಬೇರೆ. ನಿಮ್ಮ ಜಾತಿ ಎರಡರಲ್ಲೂ ಇದೆಯೇ ಎಂದು ಮೊದಲು ನೋಡಿ, ಆಮೇಲೆ ತಹಶೀಲ್ದಾರ್ ಕಚೇರಿಗೆ ಅರ್ಜಿ ಹಾಕಿ. ಇಡಬ್ಲ್ಯುಎಸ್ ಪ್ರಮಾಣಪತ್ರ ಆರ್ಥಿಕ ವರ್ಷದ ಲೆಕ್ಕದಲ್ಲಿ ನಡೆಯುತ್ತದೆ, ಹಳೆಯದು ಇಟ್ಟುಕೊಂಡು ಹೋಗಬೇಡಿ.

ಇನ್ನೊಂದು, ಹೆಸರು. ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ 'ಮಂಜುನಾಥ ಕೆ. ಆರ್.', ಆಧಾರ್‌ನಲ್ಲಿ 'ಮಂಜುನಾಥ್ ರಾಮಯ್ಯ', ಬ್ಯಾಂಕಿನಲ್ಲಿ ಮತ್ತೊಂದು. ನಮ್ಮ ಇನಿಷಿಯಲ್‌ಗಳ ಅವಾಂತರ ಎಲ್ಲರಿಗೂ ಗೊತ್ತಿದ್ದದ್ದೇ. ಫೆಲೋಶಿಪ್ ಆಧಾರ್ ಜೋಡಿಸಿದ ಖಾತೆಗೆ ಬರುವುದರಿಂದ ಈ ವ್ಯತ್ಯಾಸ ಆಮೇಲೆ ತಿಂಗಳುಗಟ್ಟಲೆ ಕಾಡುತ್ತದೆ. ನೆಟ್ ಅರ್ಜಿ ತುಂಬುವ ಮುಂಚೆಯೇ ಸರಿಮಾಡಿಸಿ.

ಗ್ರೇಡ್ ಇರುವವರು ಶೇಕಡಾಕ್ಕೆ ಬದಲಿಸುವ ಸೂತ್ರವನ್ನು ತಮ್ಮ ವಿಶ್ವವಿದ್ಯಾಲಯದಿಂದಲೇ ಬರೆಸಿಕೊಳ್ಳಬೇಕು. ಶಿಫಾರಸು ಪತ್ರಕ್ಕೆ ನಿಮ್ಮ ಡಿಸರ್ಟೇಷನ್ ನೋಡಿದವರನ್ನೇ ಕೇಳಿ. ಪ್ರಿನ್ಸಿಪಾಲರ ಲೆಟರ್‌ಹೆಡ್‌ಗಿಂತ ನಿಮ್ಮ ಕೆಲಸ ಬಲ್ಲ ಮೇಡಂ ಬರೆದ ನಾಲ್ಕು ಸಾಲು ಮೇಲು.

ಹೆಜ್ಜೆ 7: ಸಂದರ್ಶನ

ವಿಜ್ಞಾನ ಸಂಸ್ಥೆಗಳಲ್ಲಿ ಸಿನಾಪ್ಸಿಸ್‌ಗಿಂತ ಮೂಲ ಪಾಠದ ಪರೀಕ್ಷೆಯೇ ಜಾಸ್ತಿ. 'ನಿಮಗೆ ಚೆನ್ನಾಗಿ ಗೊತ್ತಿರುವ ವಿಷಯ ಹೇಳಿ' ಎನ್ನುತ್ತಾರೆ, ಹೇಳಿದ ಮೇಲೆ ಅದರ ಬುಡಕ್ಕೇ ಇಳಿಯುತ್ತಾರೆ. ನಿಜವಾಗಿ ಗೊತ್ತಿರುವುದನ್ನೇ ಹೇಳಿ. ಉತ್ತರ ಸಿಗದಿದ್ದರೆ ಸುಮ್ಮನೆ ಕೂರುವ ಬದಲು ಬೋರ್ಡಿನ ಮೇಲೆ ಎಲ್ಲಿಯವರೆಗೆ ಬರುತ್ತದೋ ಅಲ್ಲಿಯವರೆಗೆ ಬರೆಯಿರಿ. ಅವರು ನೋಡುವುದು ನೀವು ಯೋಚಿಸುವ ರೀತಿಯನ್ನು.

ವಿಶ್ವವಿದ್ಯಾಲಯಗಳಲ್ಲಿ ಖಂಡಿತ ಬರುವ ಪ್ರಶ್ನೆ ಒಂದಿದೆ. 'ಇದನ್ನು ಈಗಾಗಲೇ ಮಾಡಿದ್ದಾರಲ್ಲ?' ಶೋಧಗಂಗಾ ನೋಡಿದ್ದರೆ ಉತ್ತರ ನಿಮ್ಮಲ್ಲಿರುತ್ತದೆ. ಇಂಗ್ಲಿಷ್ ತಡವರಿಸುತ್ತದೆ ಎಂಬ ಅಂಜಿಕೆ ಇರುವವರು ಸಂಶೋಧನೆಯ ಪ್ರಶ್ನೆ, ವಿಧಾನ, ಈವರೆಗಿನ ಕೆಲಸ ಈ ಮೂರನ್ನು ಸಣ್ಣ ಸಣ್ಣ ವಾಕ್ಯಗಳಲ್ಲಿ ಬಾಯಿಬಿಟ್ಟು ಹೇಳಿ ಅಭ್ಯಾಸ ಮಾಡಿ. ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಮಾನವಿಕ ವಿಷಯಗಳ ಸಂದರ್ಶನದಲ್ಲಿ ಕನ್ನಡದಲ್ಲಿ ಹೇಳಲೇ ಎಂದು ಕೇಳುವುದರಲ್ಲಿ ಯಾವ ಸಂಕೋಚವೂ ಬೇಡ.

ಹೊರದೇಶದ ಪ್ರಾಜೆಕ್ಟ್‌ಗಳಿಗೆ

ಯುರೋಪಿನಲ್ಲಿ ಕ್ರಮ ಬೇರೆ. ನೆದರ್‌ಲೆಂಡ್ಸ್, ಸ್ವೀಡನ್, ನಾರ್ವೆಯಂಥ ಕಡೆ ಪಿಎಚ್‌ಡಿ ಎಂದರೆ ಸಂಬಳದ ನೌಕರಿ. ಪ್ರಾಜೆಕ್ಟ್ ಮೊದಲೇ ಸಿದ್ಧ ಇರುತ್ತದೆ, ಅದಕ್ಕೆ ಜನ ಬೇಕೆಂದು ಜಾಹೀರಾತು ಕೊಡುತ್ತಾರೆ. ಯೂರಾಕ್ಸೆಸ್ ಮತ್ತು ಫೈಂಡ್ ಎ ಪಿಎಚ್‌ಡಿ ತಾಣಗಳಲ್ಲಿ ಹುಡುಕಬಹುದು. ಜಾಹೀರಾತಿನಲ್ಲಿ ಕಡ್ಡಾಯ ಅರ್ಹತೆ, ಇದ್ದರೆ ಒಳ್ಳೆಯದು ಎನ್ನುವ ಅರ್ಹತೆ ಎಂದು ಎರಡು ಪಟ್ಟಿ ಇರುತ್ತದೆ. ಕವರ್ ಲೆಟರ್‌ನಲ್ಲಿ ಕಡ್ಡಾಯದ ಒಂದೊಂದಕ್ಕೂ ನೀವು ಮಾಡಿದ ಒಂದೊಂದು ಕೆಲಸ ತೋರಿಸಬೇಕು. ಇಲ್ಲಿ ನಿಮ್ಮ ಕನಸಿನ ವಿಷಯ ಹೇಳುತ್ತಾ ಕೂರಬೇಡಿ, ಅವರ ಪ್ರಾಜೆಕ್ಟಿನ ಬಗ್ಗೆ ಬರೆಯಿರಿ.

ಬ್ರಿಟನ್ನಿನ ಜಾಹೀರಾತುಗಳಲ್ಲಿ ಶುಲ್ಕದ ಸಾಲು ಎರಡು ಸಲ ಓದಿ. ಅಲ್ಲಿನವರ ಮಟ್ಟದ ಶುಲ್ಕ ಮಾತ್ರ ಕಟ್ಟುತ್ತೇವೆ ಎಂದಿದ್ದರೆ ಹೊರದೇಶದವರ ಶುಲ್ಕದ ವ್ಯತ್ಯಾಸ ನಿಮ್ಮ ಜೇಬಿನಿಂದ ಹೋಗುತ್ತದೆ, ಅದು ಲಕ್ಷಗಳ ಮಾತು. ಅಲ್ಲಿನ ಸರ್ಕಾರಿ ಸಂಶೋಧನಾ ಮಂಡಳಿಗಳ ಸೀಟುಗಳಲ್ಲಿ ಹೊರದೇಶದವರಿಗೆ 30 ಶೇಕಡಾದ ಮಿತಿಯೂ ಇದೆ. ಯುರೋಪಿನ ಮೇರಿ ಕ್ಯೂರಿ ಡಾಕ್ಟರಲ್ ನೆಟ್‌ವರ್ಕ್‌ಗಳಿಗೆ ಹಿಂದಿನ 36 ತಿಂಗಳಲ್ಲಿ 12 ತಿಂಗಳಿಗಿಂತ ಹೆಚ್ಚು ನೀವು ಸೇರಲಿರುವ ದೇಶದಲ್ಲಿ ಇದ್ದಿರಬಾರದು. ಬೆಂಗಳೂರಿನಿಂದ ನೇರ ಹೋಗುವವರಿಗೆ ಈ ನಿಯಮ ಅನುಕೂಲವೇ. ಟ್ರಾನ್ಸ್‌ಕ್ರಿಪ್ಟ್‌ಗೆ ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗದಲ್ಲಿ ಮೊದಲೇ ಅರ್ಜಿ ಹಾಕಿಡಿ, ಜಾಹೀರಾತಿನ ಗಡುವು ಅದಕ್ಕಾಗಿ ಕಾಯುವುದಿಲ್ಲ.

ಹೆಜ್ಜೆ 8: ಆಯ್ಕೆಯಾದ ಮೇಲೆ

ಸೇರುವ ಮುಂಚೆ ಆಫರ್ ಪತ್ರದಲ್ಲಿ ಮೂರು ವಿಷಯ ಹುಡುಕಿ. ಮೊತ್ತ, ಅವಧಿ, ಮತ್ತು ಅವಧಿ ಮುಗಿದರೆ ಏನು. ಮೂರನೆಯದು ಬರೆದಿಲ್ಲದಿದ್ದರೆ ಇಮೇಲ್‌ನಲ್ಲಿ ಕೇಳಿ, ಬಾಯಿಮಾತು ಸಾಲದು. ಪಿಎಚ್‌ಡಿಗೆ ನಿಯಮದ ಪ್ರಕಾರ ಗರಿಷ್ಠ ಆರು ವರ್ಷ, ಅದರ ಮೇಲೆ ಎರಡು ವರ್ಷದ ವಿಸ್ತರಣೆ ಸಿಗಬಹುದು. ಜೆಆರ್‌ಎಫ್ ದುಡ್ಡು ಐದು ವರ್ಷಕ್ಕೆ ನಿಲ್ಲುತ್ತದೆ.

ಯುಜಿಸಿ ಜೆಆರ್‌ಎಫ್ ಇರುವವರಿಗೆ ದುಡ್ಡು ಬರುವುದು ಕೆನರಾ ಬ್ಯಾಂಕಿನ ಪೋರ್ಟಲ್ ಮೂಲಕ. ನೀವು ಸೇರಿದ ದಿನದ ಜಾಯ್ನಿಂಗ್ ರಿಪೋರ್ಟ್ ಅನ್ನು ವಿಶ್ವವಿದ್ಯಾಲಯ ಅಲ್ಲಿ ಏರಿಸಬೇಕು. ಆಮೇಲೆ ಪ್ರತಿ ತಿಂಗಳು ವಿಶ್ವವಿದ್ಯಾಲಯದ ಒಬ್ಬರು ನಿಮ್ಮ ಹಾಜರಿಯನ್ನು ದಾಖಲಿಸಬೇಕು, ಇನ್ನೊಬ್ಬರು ಒಪ್ಪಬೇಕು. ಇಬ್ಬರಲ್ಲಿ ಒಬ್ಬರು ರಜೆ ಹಾಕಿದರೂ ಆ ತಿಂಗಳ ದುಡ್ಡು ತಡ. ಆ ಇಬ್ಬರು ಯಾರು, ಯಾವ ಕೋಣೆಯಲ್ಲಿ ಕೂರುತ್ತಾರೆ ಎಂದು ಸೇರಿದ ವಾರವೇ ತಿಳಿದುಕೊಳ್ಳಿ. ಮೊದಲ ಕಂತು ಬರಲು ತಿಂಗಳುಗಳೇ ಹಿಡಿಯಬಹುದು, ಅಷ್ಟರ ಖರ್ಚಿಗೆ ಕೈಯಲ್ಲಿ ದುಡ್ಡು ಇಟ್ಟುಕೊಂಡೇ ಪಿಜಿಗೆ ಅಡ್ವಾನ್ಸ್ ಕೊಡಿ.

ಹಾಸ್ಟೆಲ್ ಸಿಗದಿದ್ದರೆ ಎಚ್‌ಆರ್‌ಎಗೆ ಬೇಕಾದ ಪ್ರಮಾಣಪತ್ರವನ್ನು ವಿಭಾಗದಿಂದ ಸಹಿ ಹಾಕಿಸಿ ಕೊಡಬೇಕು. ಜೆಆರ್‌ಎಫ್‌ನಿಂದ ಎಸ್‌ಆರ್‌ಎಫ್‌ಗೆ ಏರುವುದೂ ತನ್ನಷ್ಟಕ್ಕೆ ಆಗುವುದಿಲ್ಲ. ಎರಡು ವರ್ಷ ಮುಗಿದ ಮೇಲೆ ಹೊರಗಿನ ತಜ್ಞರೊಬ್ಬರು ಇರುವ ಸಮಿತಿ ನಿಮ್ಮ ಕೆಲಸ ನೋಡಿ ಒಪ್ಪಬೇಕು. ಆ ತಜ್ಞರ ಬಿಡುವು ಹೊಂದಿಸುವುದರಲ್ಲೇ ಕಾಲ ಹೋಗುತ್ತದೆ. ಆದ್ದರಿಂದ ಎರಡನೇ ವರ್ಷ ಮುಗಿಯಲು ಮೂರು ತಿಂಗಳು ಇರುವಾಗಲೇ ಗೈಡ್‌ಗೆ ನೆನಪಿಸಿ ದಿನಾಂಕ ಹಾಕಿಸಿಕೊಳ್ಳಿ.